ಕದದ ಹಿಂದಿನ ರಾಕ್ಷಸ

ಅಂಜೂದು ಅಂದ್ರ ನನಗ ಮೊದಲಿಂದ ಆಗಿಬರಂಗಿಲ್ಲ. ಹಾವು ಕಂಡ್ರ ಬಡಿಗಿ ಹುಡುಕಾಕಿ ನಾನು, ಓಡಾಕಿ ಅಲ್ಲ. ಆದ್ರ ಲಗ್ನಕ್ಕ ಮೊದಲ ಒಂದ ಸಲ, ಬೇಡಕಿಹಾಳದ ತವರಮನಿಯಿಂದ ಅಣ್ಣನ ಕೂಡ ನಿಪ್ಪಾಣಿ ಟಾಕೀಜಿಗೆ ಹೋಗಿದ್ದೆ. ಪಡದೆ ಮ್ಯಾಲ ಸಮುದ್ರ ಸೀಳಿಕೊಂಡು ಒಂದು ರಾಕ್ಷಸ ಎದ್ದ ನೋಡ್ರಿ, ಕೈಯಾಗಿನ ಶೇಂಗಾ ಕೈಯಾಗ ಉಳದೂವು! ಅದರ ಕಾಲಿನ ಒಂದು ಬೆರಳು ನಮ್ಮೂರ ಗಾಣದ ಮನಿಯಷ್ಟಿತ್ತು. ಒದರಿದಾಗ ಕುಂತ ಕುರ್ಚಿ ನಡುಗಿದ್ವು. ಅಂಜಿಕಿ ಅಂತೂ ಬಂತು, ಸುಳ್ಳ ಯಾಕ ಹೇಳ್ಲಿ. ಆದ್ರ ಅಂಜಿಕಿಗಿಂತ ಹೆಚ್ಚ ಬೆರಗಾತು. ಇಷ್ಟ ದೊಡ್ಡ ಜೀವಾ ಒಂದು ಇರಬಹುದು, ಅದು ಉಸರಾಡಬಹುದು, ಅದಕ್ಕೂ ಸಿಟ್ಟು ಬರಬಹುದು ಅಂತ ಅಲ್ಲೀತನಕ ನಾ ಕನಸಿನ್ಯಾಗೂ ಅಂದ್ಕೊಂಡಿರಲಿಲ್ಲ. ಮುಂದ ಎರಡನೇ ಭಾಗ ಬಂತು, ಮೂರನೇದು ಬಂತು. ಅಣ್ಣನ ಕಾಲ ಹಿಡದಾದ್ರೂ ಎಲ್ಲಾ ನೋಡಿದೆ.

ಆಮ್ಯಾಲ ಲಗ್ನ ಆತು, ಯಡೂರಿಗೆ ಸೊಸಿಯಾಗಿ ಬಂದೆ. ಕಬ್ಬಿನ ಮನಿ, ಹೊಳಿ ದಂಡಿ, ಪಡಸಾಲ್ಯಾಗ ಕಪ್ಪು-ಬಿಳಿ ಟಿವಿ. ತೊಂಬತ್ತರ ಈಚಿನ ಮಾತು. ಒಂದಿನ ನನ್ನ ಮೈದುನ ಚಿಕ್ಕೋಡಿ ಕಾಲೇಜಿನಿಂದ ಬಂದವನ ಚಪ್ಪಲಿ ಸೈತ ಬಿಡಲಿಲ್ಲ, "ವೈನೀ, ನಿಮ್ಮ ರಾಕ್ಷಸ ಟಿವ್ಯಾಗ ಬರ್ತಾನಂತ! ರವಿವಾರಕ್ಕೊಮ್ಮೆ!" ಅಂದ. ಅದ ಸಿನಿಮಾನ ಧಾರಾವಾಹಿ ಮಾಡಿ, ಹಿಂದಿ ಮಾತು ಹಚ್ಚಿ ಬಿಟ್ಟಿದ್ರು. ನನಗ ಹಾರಿ ಕುಣೀಬೇಕನ್ನಿಸ್ತು, ಆದ್ರ ಕುಣಿಯೋ ಹಂಗಿರಲಿಲ್ಲ. ನಾನಾಗ ಬಸುರಿ.

ಅದಕ್ಕಿಂತ ಹಿಂದ ಒಂದು ಕೂಸು ಹೊಟ್ಟ್ಯಾಗ ಹೋಗಿತ್ತು. ಏಳನೇ ತಿಂಗಳಿನ್ಯಾಗ ಒದಿಯೋದು ನಿಲ್ಲಿಸ್ತು, ಅಷ್ಟ. ಅದನ್ನ ಬಿಡಿಸಿ ಹೇಳಾಕ ಇವತ್ತಿಗೂ ನನ್ನ ಕಡಿಂದ ಆಗಂಗಿಲ್ಲ. ಆವತ್ತಿನಿಂದ ನಮ್ಮತ್ತಿ ನನ್ನನ್ನ ಕಣ್ಣಾಗ ಎಣ್ಣಿ ಬಿಟ್ಕೊಂಡು ಕಾಯಾಕತ್ತಿದ್ರು. ಗ್ರಹಣ ನೋಡಬ್ಯಾಡ, ಸತ್ತವರ ಮನಿಗೆ ಹೋಗಬ್ಯಾಡ, ಬಾವಿ ಬಗ್ಗಿ ನೋಡಬ್ಯಾಡ. ರಾಕ್ಷಸನ ಸುದ್ದಿ ಕಿವಿಗೆ ಬೀಳೂದ ತಡ, ಅಡಗಿಮನಿ ಕದಕ್ಕ ಅಡ್ಡ ನಿಂತ್ರು.

"ಬಸುರಿ ಅಂಥಾದ್ದ ನೋಡಿದ್ರ ಕೂಸಿಗೆ ಅದ ಮಾರಿ ಬರ್ತೈತಿ. ಸುಮ್ನ ಒಳಗ ಕೂಡು."

ನನಗ ಸಿಟ್ಟ ನೆತ್ತಿಗೇರ್ತು. "ಅತ್ತೀ, ದಿನಾ ನಿಮ್ಮ ಮಗನ ಮಾರಿ ನೋಡಾಕತ್ತೀನಲ್ಲ, ಅದಕ್ಕೇನ ಮಾಡೂಣು?" ಅಂದೆ. ಹೊರಗ ಕುಂತಿದ್ದ ನನ್ನ ಗಂಡ ಕೆಮ್ಮಿದಂಗ ಮಾಡಿ ಎದ್ದು ಹೋದ್ರು.

ನನ್ನ ಪಾಲಿಗೆ ದೇವರಂಗ ಬಂದಾಕಿ ಎದುರಮನಿ ಆಯಿ. ಹಲ್ಲಿಲ್ಲದ ಮುದುಕಿ, ಮಾತು ಮಾತ್ರ ಕಡ್ಡಿ ಮುರದಂಗ. "ಅಲ್ಲ ಬೇ, ಬಸುರಿ ಬಯಕಿ ತೀರಸಲಿಲ್ಲಂದ್ರ ಕೂಸಿನ ಕಿವಿ ಸೋರ್ತಾವ. ಮುಂದ ಅದನ್ಯಾರು ನೋಡವ್ರು?" ಅಂತ ಅತ್ತಿಗೇ ಕೇಳಿದ್ಲು.

ಅತ್ತಿ ಸಿಕ್ಕಿಬಿದ್ರು. ನೋಡಿದ್ರ ಮಾರಿ ಕೆಡತೈತಿ, ನೋಡದಿದ್ರ ಕಿವಿ ಸೋರ್ತಾವ. ಓಣಿ ಹೆಂಗಸರೆಲ್ಲಾ ಕಟ್ಟಿ ಮ್ಯಾಲ ಕುಂತು ಆ ಕಡೆ ಈ ಕಡೆ ಎಳದಾಡಿದ್ರು. ಕಡೀಗೆ ಅತ್ತೀನ ತೀರ್ಪು ಕೊಟ್ರು: "ಸೋರೂದು ಕಿವಿ ಅಲ್ಲೇನು? ಹಂಗಾದ್ರ ಕಿವಿಗಷ್ಟ ಕೊಡೂಣು, ಕಣ್ಣಿಗೆ ಕೊಡೂದು ಬ್ಯಾಡ. ದನೀನೂ ಸಣ್ಣಂಗ ಇರ್ಲಿ, ಕೂಸು ಅಂಜೀತು."

ಹಿಂಗಾಗಿ ರವಿವಾರಕ್ಕೊಮ್ಮೆ ಅಡಗಿಮನಿ ಕದದ ಹಿಂದ ಕಟಗಿ ಮಣಿ ಹಾಕ್ಕೊಂಡು ಕೂಡೂದು ನನ್ನ ಪಾಳಿ. ಕದದ ಮುಂದ ಟಿವಿಗೆ ಬೆನ್ನು ಮಾಡಿ ಅತ್ತಿ ಕಾವಲು. ಪಡಸಾಲ್ಯಾಗ ಓಣಿಗೆ ಓಣೀನ ಕುಂತಿರ್ತಿತ್ತು.

ಮುಗದ ಮ್ಯಾಲ ಎಲ್ಲಾರೂ ಚಾ ಕುಡ್ಯಾಕ ಒಳಗ ಬಂದು ನನಗ ವರದಿ ಒಪ್ಪಸಬೇಕು. ನಮ್ಮ ಹೊಲದಾಗ ಗೊಬ್ಬರಕ್ಕಂತ ಕುರಿ ನಿಲ್ಲಿಸಿದ್ದ ಕುರುಬರ ಕಾಕಾಗ ಎಳ್ಳಷ್ಟೂ ಸಮಾಧಾನ ಇರಲಿಲ್ಲ. "ಟಾಕೀಜಿನ್ಯಾಗ ಮುಗಲಿಗೆ ಮುಟ್ಟಿದ್ನವ್ವ, ಇಲ್ಲಿ ನನ್ನ ಟಗರಿಗಿಂತ ಸಣ್ಣಾಂವ ಆಗ್ಯಾನ. ಅಲ್ಲಿ ಸಮುದ್ರ ಇತ್ತು, ಇಲ್ಲಿ ನಿಮ್ಮ ಬಾವಿಯಷ್ಟ ನೀರು." ಟಾಕೀಜಿನ ಮಾರಿನ ನೋಡದ ಆಯಿ ಅವನ ಮ್ಯಾಲ ಏರಿ ಹೋಗಾಕಿ. "ಅಷ್ಟ ದೂರಿಂದ ಮನೀತನಕ ಬಂದಾನಲ್ಲೋ! ಬಂದ ಬೀಗರನ್ನ ಅಳದು ನೋಡ್ತಾರೇನು?" ಮೈದುನಂದು ಬ್ಯಾರೇನ ಲೆಕ್ಕ. "ಸಿನಿಮಾದಾಗ ಮೂರ ತಾಸಿಗೆ ಕೊಂದು ಮನಿಗೆ ಕಳಸ್ತಾರ. ಟಿವ್ಯಾಗ ಹಂಗಲ್ಲ ವೈನಿ, ಎಷ್ಟ ಹೊಡದ್ರೂ ಮುಂದಿನ ವಾರ ಮತ್ತ ಎದ್ದು ಬರ್ತಾನ." ಒಮ್ಮೆನೂ ತಿರುಗಿ ನೋಡದ ನಮ್ಮತ್ತೀದು ಎಲ್ಲಾರಕಿಂತ ಗಟ್ಟಿ ಅಭಿಪ್ರಾಯ. "ನಮ್ಮೂರ ಈರಭದ್ರ ದೇವರ ಮುಂದ ಇವಾ ಯಾವ ಗಿಡದ ತಪ್ಪಲು?"

ಒಂದು ಮಾತಿಗೆ ಮಾತ್ರ ಎಲ್ಲಾರೂ ಒಂದ: ದನಿ ಸಾಲಂಗಿಲ್ಲ. "ಅಕ್ಕಾರ, ಒದರದ ರಾಕ್ಷಸ ಅಂದ್ರ ಉಪ್ಪಿಲ್ಲದ ಸಾರ್ರಿ," ಅಂತ ಕಾಕಾ ವಾರಾ ವಾರಾ ಗೋಗರಿಯಾಂವ. ಅತ್ತಿ ಜಪ್ಪಯ್ಯ ಅಂದ್ರೂ ಕೇಳಲಿಲ್ಲ.

ನನಗ ಆ ಸಣ್ಣ ದನೀನ ಸಾಕಾಗಿತ್ತು. ಕಣ್ಣ ಮುಚ್ಚಿ ಕುಂತ್ರ, ಜ್ವಾಳದ ರೊಟ್ಟಿ ವಾಸನಿ ನಡುವ ಅವಾ ಏಳಾಂವ. ಕಾಕಾನ ಮಾತು, ಆಯಿ ಮಾತು, ಮೈದುನನ ಮಾತು ಎಲ್ಲಾ ಸೇರಿ ಅವನ ಮೈ ಬೆಳೀತಿತ್ತು. ಹೊಳಿ ಆಚೀಗೆ ಒಂದು ಕಾಲು, ಈಚೀಗೆ ಒಂದು ಕಾಲು. ನಿಪ್ಪಾಣಿಯಾಗ ನೋಡಿದ್ದು ಅವನ ಮರಿ ಇರಬೇಕು ಅನ್ನಿಸ್ತಿತ್ತು.

ಏಳನೇ ತಿಂಗಳು ಬಂತು. ಒಂದು ಶನಿವಾರ ಕೂಸು ಮಿಸುಕಲಿಲ್ಲ. ಸಂಜಿತನಕ ಕಾದೆ, ಸಕ್ಕರಿ ತಿಂದೆ, ಮಗ್ಗಲಾ ಬದಲಿಸಿದೆ. ರವಿವಾರ ಮುಂಜಾನಿ ಅತ್ತಿ ಮುಂದ ಹೋಗಿ ನಿಂತೆ. ಕೈ ಹೊಟ್ಟಿ ಮ್ಯಾಲ ಇತ್ತು. ಅವರಿಗೆ ತಿಳೀತು. ಕೈಯಾಗಿನ ಹಿಟ್ಟು ಸೈತ ತೊಳ್ಕೊಳ್ಳದ ನನ್ನ ಗಂಡನ್ನ ಏಕಸಂಬಿಗೆ ಜೀಪ್ ತರಾಕ ಓಡಿಸಿದ್ರು, ಚಿಕ್ಕೋಡಿ ದವಾಖಾನಿಗೆ ಹೋಗಾಕ. ಕಬ್ಬಿನ ಹಂಗಾಮು, ಊರಾಗಿನ ಗಾಡಿ ಎಲ್ಲಾ ಫ್ಯಾಕ್ಟರಿ ದಾರಿ ಹಿಡದಿದ್ವು.

ನಾವಿಬ್ರೂ ಅಡಗಿಮನ್ಯಾಗ ಕುಂತ್ವಿ. ಅತ್ತಿ ಅಂಗೈ ನನ್ನ ಹೊಟ್ಟಿ ಮ್ಯಾಲ. ಮಂದಿ ಪ್ರತಿ ವಾರದಂಗ ಬಂದು ಪಡಸಾಲಿ ತುಂಬಿದ್ರು. ಯಾರಿಗೂ ಹೇಳಲಿಲ್ಲ. ಹೇಳಿದ್ರ ಎಲ್ಲಿ ಖರೇ ಆಗ್ತೈತೋ ಅಂತ ಇಬ್ರಿಗೂ ಅಂಜಿಕಿ. ಹೌದ್ರಿ, ಆವತ್ತ ನಾ ಅಂಜಿದ್ದೆ. ಜೀಪಿನ ಸಪ್ಪಳಕ್ಕ ಕಿವಿ ಕೊಟ್ಟು ಕುಂತಿದ್ದೆ, ಬರೇ ಹೊಳಿ ಗಾಳಿ ಕೇಳಾಕತ್ತಿತ್ತು.

ಹೊರಗ ಕಾಕಾನ ದನಿ: "ಇವತ್ತ ಕದಕ್ಕ ಕಾವಲಿಲ್ಲ! ಏರಸೋ ತಮ್ಮಾ, ಪೂರಾ ಏರಸು!"

ಮೈದುನ ಗುಂಡಿ ಪೂರಾ ತಿರುವಿದ. ರಾಕ್ಷಸ ಒದರಿದ.

ಎವ್ವಾ! ಗ್ವಾಡಿ ಮಾಡದಾಗಿನ ತಾಟು ವಾಟಗಾ ಗಲಗಲ ಅಂದ್ವು. ಆ ಒದರಾಟ ನೆಲದೊಳಗ ಹೋಗಿ, ಮಣಿ ಏರಿ, ನನ್ನ ಬೆನ್ನಾಗ ಹತ್ತಿದಂಗಾತು. ಅಷ್ಟರಾಗ ಅತ್ತಿ ಅಂಗೈ ಬುಡಕ ಒಂದು ಒದತ. ಒಂದ. ಗಟ್ಟಿ.

ಅತ್ತಿ ನನ್ನ ಮಾರಿ ನೋಡಿದ್ರು. ನಾ ಅವರ ಮಾರಿ ನೋಡಿದೆ. "ನನಗಷ್ಟ ಅನ್ನಿಸ್ತೇನ?" ಅಂದ್ರು. "ಇಲ್ಲರಿ ಅತ್ತಿ, ನನಗೂ," ಅಂದೆ. ಮತ್ತ ಕಾದ್ವಿ. ಮತ್ತ ಏನೂ ಇಲ್ಲ.

ಅತ್ತಿ ಎದ್ರು. ತಲಿ ಮ್ಯಾಲಿನ ಸೆರಗು ಜಾರಿದ್ದೂ ಅವರಿಗೆ ಖಬರಿಲ್ಲ. ನನ್ನ ರಟ್ಟಿ ಹಿಡದು ಎಬ್ಬಿಸಿ, ಕದ ಒದ್ದು ತಗದು ಪಡಸಾಲಿಗೆ ಬಂದ್ರು. ಬೈಗಳ ಬೀಳ್ತಾವಂತ ಮೈದುನ ಗುಂಡಿಗೆ ಕೈ ಹಾಕಿದ.

"ತಗ್ಗಸಬ್ಯಾಡಲೇ! ಕೈ ಮುರದೇನು!"

ನನ್ನನ್ನ ಟಿವಿ ಮುಂದ ಕೂಡಿಸಿದ್ರು. ನೋಡಿದೆ. ಕಾಕಾ ಹೇಳಿದ್ದು ಖರೇ, ಗೇಣುದ್ದ ಇದ್ದ, ಮೈಯೆಲ್ಲಾ ಚುಕ್ಕಿ ಚುಕ್ಕಿ ಬಡಕೊಂಡಿದ್ದ. ಆದ್ರ ಅಷ್ಟು ದೊಡ್ಡದನ್ನ ನಾ ಅದಕ್ಕ ಮೊದಲೂ ನೋಡಿಲ್ಲ, ಆಮ್ಯಾಲೂ ನೋಡಿಲ್ಲ. ಕೂಸಿನ ಮಾರಿ ಅದರಂಗ ಆದ್ರೂ ಆಗ್ಲಿ, ಕೂಸು ಒಂದು ಇರ್ಲಿ.

ಅತ್ತಿ ಬಾಜೂಕ ಮೊಣಕಾಲೂರಿ ಕುಂತು ಒಂದು ಕೈ ನನ್ನ ಹೊಟ್ಟಿ ಮ್ಯಾಲ ಇಟ್ರು. ಇನ್ನೊಂದು ಕೈ ಎತ್ತಿ, ಈರಭದ್ರನ ಗುಡ್ಯಾಗ ಮಾಡಿದಂಗ ಹಣಿಗೆ ಹಚ್ಕೊಂಡ್ರು.

"ಒದರೋ ನಮ್ಮಪ್ಪಾ," ಅಂದ್ರು ಟಿವಿಗೆ. "ಇನ್ನೊಮ್ಮೆ ಒದರು."

ಅವಾ ಒದರಿದ. ಒಳಗ ನನ್ನ ಮಗಳು ಒದ್ದಳು.