ಹನ್ನೊಂದು ಭಾಗದಲ್ಲಿ ಯಾವುದು ಮೊದಲು?

ಇವತ್ತು ಶಿವಮೊಗ್ಗದ ಬಾಡಿಗೆ ಪುಸ್ತಕದಂಗಡಿಯಲ್ಲಿ ನನ್ನ ಪಾಡು ಕೇಳಬೇಡಿ ಗೆಳೆಯರೇ. ನಕ್ಷತ್ರಗಳ ನಡುವೆ ಹಡಗು ಓಡಿಸುವ ಒಬ್ಬ ದೊರೆಯ ಕಾದಂಬರಿ, ಒಟ್ಟು ಹನ್ನೊಂದು ಭಾಗ. ಒಬ್ಬರಿಗೆ ಒಂದೇ ಕೊಡುತ್ತಾರೆ. ನಾನೋ ಅರ್ಧಕ್ಕೆ ಶಾಲೆ ಬಿಟ್ಟವನು. ತಪ್ಪು ಕಡೆಯಿಂದ ಶುರು ಮಾಡಿ ತಲೆಬುಡ ತಿಳಿಯದೆ ಹೋದರೆ ಎಂಬ ಭಯಕ್ಕೆ ಮೊದಲನೆಯದಕ್ಕೇ ಕೈ ಹಾಕಿದೆ.

ಜೊತೆಗಿದ್ದ ನಮ್ಮ ಭಾವ ಅಡಿಕೆ ವ್ಯಾಪಾರಿ. “ಮೂಟೆ ಬಾಯಲ್ಲಿ ಯಾವಾಗ್ಲೂ ಒಳ್ಳೇದೇ ಇಟ್ಟಿರ್ತಾರೆ ಮಾರಾಯ. ನಡುವಿಂದ ತೆಗೆದು ನೋಡ್ಬೇಕು,” ಎಂದು ಆರನೆಯ ಭಾಗ ಎಳೆದರು.

“ಭಾವ, ಇದು ಕಥೆ. ಅಡಿಕೆ ಅಲ್ಲ.”

“ಇರೋ, ಎರಡು ಪುಟ ನೋಡ್ತೀನಿ.”

ಅಂಗಡಿಯ ಬೆಂಚಿನ ಮೇಲೆ ಕೂತ ಭಾವ ಬಸ್ಸಿನ ಹೊತ್ತಾದರೂ ಏಳಲಿಲ್ಲ. ಕೊನೆಗೆ ಆರನೆಯದನ್ನು ತಮ್ಮ ಹೆಸರಿಗೇ ಬರೆಸಿಕೊಂಡರು. ನಾನು ಮೊದಲನೆಯದನ್ನು ತಂದೆ.

ಆಮೇಲೆ ಭಾವ ಭದ್ರಾವತಿಯವರೆಗೂ ಬಸ್ಸಿನಲ್ಲಿ ಗಟ್ಟಿಯಾಗಿ ಕಥೆ ಹೇಳಿದರು. “ಆ ದೊರೇನ ಸ್ವಂತ ತಮ್ಮನೇ ವಿಷ ಹಾಕಿ ಕೊಂದ ಕಣೋ!”

ಈಗ ಮನೆಗೆ ಬಂದು ಮೊದಲ ಪುಟ ತೆರೆದಿದ್ದೇನೆ. ದೊರೆ ಇನ್ನೂ ಹುಟ್ಟಿಲ್ಲ. ಅವನು ಸಾಯುವುದು ಹೇಗೆಂದು ಮಾತ್ರ ನನಗೂ ಗೊತ್ತು, ಬಸ್ಸಿನ ಕಂಡಕ್ಟರಿಗೂ ಗೊತ್ತು.