ಗಿಳಿ ಬಟ್ಟಲಿನ ಮೊದಲ ಹಿಡಿ

ಪಾರಮ್ಮನಿಗೆ ನಮ್ಮ ಓಣಿ ಒಂದು ಹಿಡಿ ಅಕ್ಕಿ ಬಾಕಿ ಉಳಿಸಿಕೊಂಡಿದೆ.

ಕೊಪ್ಪಳದ ಪಕ್ಕದ ಭಾಗ್ಯನಗರದ ಈ ಓಣಿಯಲ್ಲಿ ಅವಳು ಮರದ ಬಟ್ಟಲು ಮಾಡುತ್ತಾಳೆ. ಕೆತ್ತಿದ ಹಗುರ ಮರಕ್ಕೆ ಹುಣಸೆಬೀಜದ ಅಂಟು ಬಳಿದು, ಅಂಗೈಯಿಂದಲೇ ತಿಕ್ಕಿ ನುಣುಪು ಮಾಡಿ, ಅಂಚಿಗೆ ಗಿಳಿಸಾಲು ಬರೆಯುತ್ತಾಳೆ. ಕೊಪ್ಪಳದಿಂದ ಯಲಬುರ್ಗಾದವರೆಗೆ ಎಷ್ಟೋ ಮನೆಗಳಲ್ಲಿ ಟೀವಿ ಪಕ್ಕದಲ್ಲಿ ಅವು ಕೂತಿವೆ. ಬರಿದಾಗಿ ಇಡಬಾರದೆಂದು ತಳದಲ್ಲಿ ನಾಲ್ಕು ಕಾಳು ಹಾಕಿರುತ್ತಾರೆ. ಮದುವೆ, ಬಸುರಿಯರ ಕುಬುಸ ಬಂದರೆ ಇಳಿಸಿ, ಅದರಿಂದಲೇ ಹೆಣ್ಣುಮಕ್ಕಳ ಉಡಿ ತುಂಬುತ್ತಾರೆ. ಪಾರಮ್ಮ ಮಾತ್ರ ತುಂಬುವಂತಿಲ್ಲ. ಗಂಡ ತೀರಿಕೊಂಡವಳು.

ಹೋದ ಶ್ರಾವಣದಲ್ಲಿ ಬಸುರಿ ಮಗಳು ಹೇಮಾಳ ಕುಬುಸ ಬಂತು. ಪಾರಮ್ಮ ಅದಕ್ಕೆಂದೇ ಹೊಸ ಬಟ್ಟಲು ಮಾಡಿದಳು. ಮೊದಲ ಹಿಡಿ ತಾನೇ ಹಾಕುವುದೆಂದು ಗಿಳಿ ಬರೆಯುವಾಗಲೇ ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು.

ಹೇಮಾ ಮಣೆಯ ಮೇಲೆ ಕೂತಳು. ಪಾರಮ್ಮ ಬಟ್ಟಲಿಗೆ ಕೈ ಹಾಕುತ್ತಲೇ ಬೀಗತಿ ಅನ್ನಮ್ಮ ತಡೆದಳು.

"ಪಾರವ್ವ, ನೀ ಒಳಗ ಪಲ್ಯ ನೋಡ ನಡಿ. ಮುತ್ತೈದೇರು ತುಂಬತಾರ."

"ಪಲ್ಯ ಸುಟ್ಟರ ಸುಡ್ಲಿ ಅಕ್ಕಾರ. ಈ ಬಟ್ಟಲ ಮಾಡಿದ್ದು ಯಾರ ಕೈರಿ?"

"ಮಾಡೂದು ಬ್ಯಾರೆ, ತುಂಬೂದು ಬ್ಯಾರೆ."

"ಹಂಗಾರ ನನ್ನ ಕೈ ತಾಗಿದ್ದೆಲ್ಲಾ ತಗೀರಿ. ಅಂಟು ನಂದು, ಗಿಳಿ ನಂದು. ಕೆರದು ಬರೇ ಕಟ್ಟಗಿ ಉಳಿಸ್ಕೋರಿ. ಇಲ್ಲಾಂದ್ರ ಬಚ್ಚಲದಾಗ ಪ್ಲಾಸ್ಟಿಕ್ ಮಗ್ ಐತಿ, ತರ್ಲ್ಯಾ?"

ಯಾರೋ ಬಾಯಿಗೆ ಸೆರಗು ಹಿಡಿದು ನಕ್ಕರು. ಅನ್ನಮ್ಮನ ಮುಖ ಬಿಗಿಯಿತು.

"ಹೊಟ್ಟ್ಯಾಗಿನ ಕೂಸಿಗೆ ಏನರ ಆದ್ರ?"

ಆ ಮಾತಿಗೆ ಪಾರಮ್ಮನ ಕೈ ನಿಂತಿತು. ಅಷ್ಟರಲ್ಲಿ ಹೇಮಾ ತಾನೇ ಸೆರಗು ಅಗಲಿಸಿ ತಾಯಿಯ ಕಡೆ ತಿರುಗಿ ಕೂತಳು.

"ಯವ್ವಾ, ನನ್ನ ಟೊಂಕ ಹಿಡದೈತಿ. ಜಲ್ದಿ ಹಾಕು."

ಪಾರಮ್ಮ ಹಾಕಿದಳು. ಅಕ್ಕಿ, ಕೊಬ್ಬರಿ, ಬೆಲ್ಲ. ಅನ್ನಮ್ಮ ಉಣ್ಣದೆ ಎದ್ದು ಹೋದಳು. ದೀಪಾವಳಿ ಮುಂದೆ ಕೂಸು ಹುಟ್ಟಿತು; ಗಟ್ಟಿಯಾಗಿದೆ, ಗಂಟಲು ಪಾರಮ್ಮನದೇ.

ಆದರೂ ಓಣಿ ಕಲಿಯಲಿಲ್ಲ. ಮುಂದಿನ ಮದುವೆಗೆ ಅವಳ ಬಟ್ಟಲನ್ನು ಹಸೆಯ ಮುಂದಿಟ್ಟರು, ಅವಳನ್ನು ಅಡುಗೆಮನೆಗೆ ಕರೆದರು. ಪಾರಮ್ಮ ಹೋಗಲಿಲ್ಲ. "ಬಟ್ಟಲ ಎಲ್ಲೈತೋ ಅಲ್ಲಿಗೆ ಕರದ್ರ ಬರ್ತೀನಿ" ಎಂದು ಹೇಳಿ ಕಳಿಸಿದಳು. ಇನ್ನೂ ಕರೆದಿಲ್ಲ.

ನಿಮ್ಮ ಮನೆಯಲ್ಲೂ ಅಂಥದೊಂದು ಬಟ್ಟಲಿದೆ. ಚಂದಕ್ಕೆ ಇಟ್ಟಿದ್ದೀರಿ, ಶುಭವೆಂದು ಕಾಳು ಹಾಕಿದ್ದೀರಿ. ಮುಂದಿನ ಉಡಿಗೆ ಅದನ್ನು ಇಳಿಸುವ ದಿನ ನಿಮ್ಮ ಓಣಿಯ ವಿಧವೆಯನ್ನು ಕರೆಯಿರಿ, ಪಲ್ಯ ನೋಡಲಿಕ್ಕಲ್ಲ. ಮೊದಲ ಹಿಡಿ ಅವಳ ಕೈಯಿಂದ ಹಾಕಿಸಿ.