ದೇವಕಿ ಅಜ್ಜಿಯ ಸ್ಲೇಟು

ಗೆಳೆಯರೇ, ಇವತ್ತು ಮಾದಾಪುರದಲ್ಲಿ ನನ್ನ ಮನಃಶಾಸ್ತ್ರದ ಎಂಎ ಒಂದು ಸ್ಲೇಟಿನ ಮುಂದೆ ತಲೆತಗ್ಗಿಸಿತು.

ಗುಡ್ಡ ಕುಸಿದು ಮನೆಯವರನ್ನು ಕಳೆದುಕೊಂಡ ಹೆಂಗಸರಿಂದ ಶನಿವಾರಗಳಂದು ಒಂದು ಗಂಟೆ ಬರೆಸುತ್ತೇನೆ. ಒಳಗಿನ ಭಯ ಕಾಗದಕ್ಕಿಳಿದರೆ ಎದೆ ಹಗುರವಾಗುತ್ತದೆಂಬ ನಂಬಿಕೆ. ಅತ್ತೆಯನ್ನು ಕಳೆದುಕೊಂಡ ಪವಿತ್ರಾ ಮಾತ್ರ ಮೂರು ವಾರದಿಂದ ಒಂದಕ್ಷರವೂ ಬರೆದಿರಲಿಲ್ಲ.

"ಮನೇಲಿ ಯಾರಾದ್ರೂ ಓದಿದ್ರೆ, ಮೇಡಂ?"

"ಬೀಗ ಹಾಕಿಡು," ಎಂದೆ.

ಅವಳ ಜೊತೆ ಬಂದಿದ್ದ ನೆರೆಮನೆಯ ದೇವಕಿ ಅಜ್ಜಿ ನಕ್ಕುಬಿಟ್ಟರು. ಅವರಿಗೆ ಎಂಬತ್ತೆಂಟು ವರ್ಷ. "ಬೀಗ ಹಾಕಿದ್ರೆ ಎಲ್ಲರಿಗೂ ಓದುವ ಆಸೆ ಬರ್ತದೆ," ಎನ್ನುತ್ತಾ ಚೀಲದಿಂದ ಹಳೆಯ ಸ್ಲೇಟು ತೆಗೆದರು.

ಕೊಡಗು ಮೈಸೂರು ರಾಜ್ಯಕ್ಕೆ ಸೇರಿದ ಹೊಸದರಲ್ಲಿ, ಭಾಗಮಂಡಲದ ಹತ್ತಿರ ಹೊಳೆ ದಾಟುವಾಗ ಅವರ ತಂಗಿ ನೀರುಪಾಲಾದಳಂತೆ. ಆಗ ಹೆಂಗಸರಿಗೆ ಅಕ್ಷರ ಕಲಿಸುತ್ತಿದ್ದ ಟೀಚರ್ ಕೊಟ್ಟ ಸ್ಲೇಟು ಅದು.

"ಅವಳ ಕೈ ಬಿಟ್ಟದ್ದು ನಾನೇ ಅಂತ ದಿನಾ ಬರೀತಿದ್ದೆ, ಒರೆಸ್ತಿದ್ದೆ. ಎಷ್ಟೋ ತಿಂಗಳಾದ ಮೇಲೆ ಒಂದು ದಿನ, ಹೊಳೆ ದೊಡ್ಡದಿತ್ತು, ನಾನು ಸಣ್ಣವಳು ಅಂತ ಬರೆದೆ. ಅವತ್ತು ನಿದ್ದೆ ಬಂತು, ಕೂಸೇ."

ಪವಿತ್ರಾ ಸ್ಲೇಟನ್ನು ಎಳೆದುಕೊಂಡು ಗೋಡೆಯ ಕಡೆ ತಿರುಗಿ ಕುಳಿತಳು. ಬರೆದಳು, ವೇಲಿನ ತುದಿಯಿಂದ ಒರೆಸಿದಳು, ಮತ್ತೆ ಬರೆದಳು. ಗಂಟೆ ಮುಗಿದದ್ದೇ ಅವಳಿಗೆ ಗೊತ್ತಾಗಲಿಲ್ಲ. ಏಳುವಾಗ, "ಅಜ್ಜಿ, ಮುಂದಿನ ಶನಿವಾರವೂ ತನ್ನಿ," ಎಂದಳು. ಅವಳು ಬರೆದದ್ದೇನೆಂದು ನಮಗ್ಯಾರಿಗೂ ಗೊತ್ತಿಲ್ಲ.

ಬರುವಾಗ ಅಂಗಡಿಯಲ್ಲಿ ಹನ್ನೆರಡು ಸ್ಲೇಟು ಕೇಳಿದೆ.

"ಯಾವ ಕ್ಲಾಸಿನ ಮಕ್ಕಳಿಗೆ, ಮೇಡಂ?"

"ಕ್ಲಾಸು ಗೊತ್ತಿಲ್ಲ. ಟೀಚರಿಗೆ ಎಂಬತ್ತೆಂಟು," ಎಂದೆ.